ಮಾಲೆಯ ದಾರ, ಮೋಟರಿನ ವೈರು

ಮಷಿನ್ನಿಗೆ ಯಾರ ಕಣ್ಣೂ ತಾಗಿರಲಿಲ್ಲ, ಕರೆಂಟಿನ ತಪ್ಪೂ ಇರಲಿಲ್ಲ, ಮೊಮ್ಮಗನ ಹೆಂಡತಿಯ ಕೈಯದಂತೂ ಅಲ್ಲವೇ ಅಲ್ಲ. ನನ್ನ ಮೊಮ್ಮಗ ಫೋಟೋ ಚೆಂದ ಬರಲಿ ಎಂದು ಮೋಟರಿನ ವೈರುಗಳನ್ನು ಹೂವಿನ ಮಾಲೆಯ ದಾರದಿಂದ ಬಿಗಿದು ಕಟ್ಟಿದ್ದ. ಆಗಿದ್ದು ಅಷ್ಟೇ. ಇಷ್ಟು ತಿಳಿಯಲು ಅವನಿಗೆ ಎಂಟು ದಿನ ಸಾಲಲಿಲ್ಲ. ಕೊನೆಗೆ ನಾನೇ ತಿಳಿಸಬೇಕಾಯಿತು.

ಮೂಡಲಗಿಯಲ್ಲಿ ನಮ್ಮ ಮನೆಯ ಬಾಜೂಕ್ಕೆ ಒಂದು ತಗಡಿನ ಶೆಡ್ಡು ಇದೆ. ಮೊದಲು ಅಲ್ಲಿ ಎಮ್ಮೆ ಕಟ್ಟುತ್ತಿದ್ದೆವು. ಈಗ ಕಟ್ಟಿಗೆ ಕೆತ್ತುವ ಮಷಿನ್ ಇದೆ. ಸಿಎನ್‌ಸಿ ಅನ್ನುತ್ತಾರೆ. ಮೊಮ್ಮಗ ಬಿಡಿ ಸಾಮಾನು ತರಿಸಿ, ಮೊಬೈಲಿನಲ್ಲಿ ವಿಡಿಯೋ ನೋಡಿ ತಾನೇ ಜೋಡಿಸಿದ್ದು. ಹೊರಸಿನಷ್ಟು ಅಗಲ, ಮೇಲೊಂದು ಅಡ್ಡ ತೊಲೆ, ತೊಲೆಗೆ ಗರಗರ ತಿರುಗುವ ಉಳಿ. ತೊಲೆ ಹಿಂದೆ ಮುಂದೆ ಓಡಾಡುತ್ತದೆ, ಉಳಿ ಎಡಕ್ಕೆ ಬಲಕ್ಕೆ. ಓಡಾಡಿಸುವುದು ಮುಷ್ಟಿಯಷ್ಟಿರುವ ಮೋಟರುಗಳು. ಅವಕ್ಕೆ ಸ್ಟೆಪ್ಪರ್ ಮೋಟರ್ ಎಂದು ಹೆಸರಂತೆ. ಕಂಪ್ಯೂಟರ್ ಇಷ್ಟು ಹೆಜ್ಜೆ ಅಂದರೆ ಇಷ್ಟೇ ಹೆಜ್ಜೆ ಇಟ್ಟು ನಿಲ್ಲುತ್ತವೆ. ಇದನ್ನು ನನಗೆ ತಿಳಿಸಿ ಹೇಳಿದ್ದು ಮೊಮ್ಮಗನ ಹೆಂಡತಿ. ಅವನನ್ನು ಕೇಳಿದರೆ, “ನಿನಗ ತಿಳಿಯೂದಿಲ್ಲ ಬಿಡ ಆಯಿ” ಅನ್ನುತ್ತಿದ್ದ. ತನಗೆ ಗೊತ್ತಿಲ್ಲದ್ದನ್ನೆಲ್ಲ ಅವನು ಹೀಗೇ ಮುಗಿಸುತ್ತಾನೆ.

ಆ ಹುಡುಗಿ ಹುಕ್ಕೇರಿಯವಳು. ಮಷಿನ್ ಅವನದು, ಕೆಲಸ ಅವಳದು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವಳು ಅವಳು, ಹಲಗೆ ಬಿಗಿಯುವವಳು ಅವಳು, ಪುಡಿ ಗುಡಿಸುವವಳೂ ಅವಳೇ. ಅವನು ಬಾಗಿಲಲ್ಲಿ ನಿಂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಮನೆಯ ಹೆಸರಿನ ಫಲಕ, ದೇವರ ಕೋಣೆಯ ಬಾಗಿಲು, ಒಂದಾದ ಮೇಲೊಂದು ಕೆಲಸ ಬರುತ್ತಿದ್ದವು. ಶೆಡ್ಡಿನಲ್ಲಿದ್ದಾಗ ಅವಳ ಮುಖವೇ ಬೇರೆ. ಮದುವೆಯಾಗಿ ಬಂದ ಮೊದಲ ವರ್ಷ ಆ ಮುಖವನ್ನು ನಾನು ನೋಡಿರಲಿಲ್ಲ.

ದಸರೆಯ ಖಂಡೇನವಮಿಗೆ ನಮ್ಮಲ್ಲಿ ಕುಡುಗೋಲಿನಿಂದ ಟ್ರ್ಯಾಕ್ಟರಿನ ತನಕ ಎಲ್ಲಕ್ಕೂ ಪೂಜೆ. ಮಷಿನ್ನಿಗೂ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ತಂದರು. ಮೊಮ್ಮಗನಿಗೆ ಫೋಟೋ ತೆಗೆದು ಊರಿಗೆಲ್ಲ ಕಳಿಸಬೇಕಿತ್ತು. ಅವನ ಕಣ್ಣು ವೈರುಗಳ ಮೇಲೆ ಬಿತ್ತು.

“ಏನಿದು, ಕುರಿ ಕರುಳ ಜೋತುಬಿದ್ದಂಗ ಕಾಣಾಕತ್ತೈತಿ!”

“ತೊಲಿ ಆ ತುದೀ ತನಕ ಹೋಗಬೇಕಲ್ರಿ, ಸಡಲ ಇರಲಿ” ಅಂದಳು ಅವಳು.

“ಮಷಿನ್ ಜೋಡಿಸಿದಾಂವ ನಾನೋ, ನೀನೋ?”

ಮಾಲೆಯ ದಾರದಿಂದಲೇ ವೈರುಗಳನ್ನೆಲ್ಲ ಒಂದು ಕಟ್ಟು ಮಾಡಿ, ಮಷಿನ್ನಿನ ಕಬ್ಬಿಣದ ಮೂಲೆಗೆ ಸುತ್ತಿ ಸುತ್ತಿ ಬಿಗಿದ. ಮೇಲೆ ಹೂವು ಇಳಿಬಿಟ್ಟ. ಫೋಟೋ ಚೆಂದ ಬಂತು. ಮಂದಿ ಕೈ ಮುಗಿದ ಚಿತ್ರ ಕಳಿಸಿದರು. ಅವನು ಇಡೀ ಸಂಜೆ ಅವನ್ನು ನೋಡುತ್ತ ಕೂತಿದ್ದ.

ಪೂಜೆಯ ಮಾಲೆಯನ್ನು ಕತ್ತರಿಸಬಾರದು, ದೀಪಾವಳಿಗೆ ಹೊಸದು ಕಟ್ಟುವವರೆಗೆ ಹಳೆಯದು ಇರಬೇಕು ಎಂಬುದು ನಮ್ಮ ಮನೆಯ ರೂಢಿ. ನನ್ನ ಅತ್ತೆ ಮಾಡಿಟ್ಟಿದ್ದು. ಅವಳು ಮಾಲೆ ಹಾಕುತ್ತಿದ್ದದ್ದು ಬಿತ್ತುವ ಕೂರಿಗೆಗೆ, ಕುಂಟೆಗೆ. ಕೂರಿಗೆಗೆ ವೈರು ಇರುವುದಿಲ್ಲ.

ಮೂರನೆಯ ದಿನ ಹುಕ್ಕೇರಿಯ ಒಬ್ಬ ಗಿರಾಕಿಯ ಬಾಗಿಲು ಕೆತ್ತಲು ಇಟ್ಟಳು. ಅವನು ತನ್ನ ಹೊಲದ ಸಾಗವಾನಿ ಕೊಯ್ಯಿಸಿ ತಂದಿದ್ದ. ಅರ್ಧ ಕಮಲ ಸರಿಯಾಗಿ ಬಂತು. ತೊಲೆ ಆಚೆ ತುದಿಗೆ ಹೋಗಿ ತಿರುಗಿದ್ದೇ ತಡ, ಉಳಿದರ್ಧ ಎರಡು ಬೆರಳು ಸರಿದು ಕೂತಿತು. ಎರಡನೆಯ ಹಲಗೆಯೂ ಹಾಗೇ ಆಯಿತು. ಆಮೇಲೆ ಮೋಟರ್ ತಿರುಗುವುದನ್ನೇ ಬಿಟ್ಟು, ಕೂತಲ್ಲೇ ಗುಂಯ್ ಎಂದು ನಡುಗತೊಡಗಿತು.

“ಏನ ಒತ್ತಿದಿ ನೀ?” ಎಂದ ಮೊಮ್ಮಗ.

“ಏನೂ ಒತ್ತಿಲ್ರಿ. ಆ ದಾರ ಒಮ್ಮೆ ಬಿಚ್ಚಿ ನೋಡೂಣ್ರಿ.”

“ಪೂಜಿ ಮಾಲಿ ಬಿಚ್ಚತಾಳಂತ! ಹೆಣ್ಣಕೈ ಮಷಿನ್ನಿಗೆ ಆಗಿಬರೂದಿಲ್ಲ ಅಂತ ನಾಕ ಮಂದಿ ಹೇಳಿದ್ರು, ನಾ ಕೇಳಲಿಲ್ಲ. ಇನ್ನಮ್ಯಾಲ ಶೆಡ್ಡಿಗೆ ಬರಬ್ಯಾಡ. ಅಡಗಿ ಮನಿ ನೋಡ್ಕೋ.”

ಅವಳು ಅಳಲಿಲ್ಲ. ಹೊರಗೆ ಬಂದು ಸೆರಗಿನ ಕಟ್ಟಿಗೆ ಪುಡಿ ಕೊಡವಿ ಒಳಗೆ ಹೋದಳು. ಅಂದಿನಿಂದ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ.

ಗೋಕಾಕದಿಂದ ಒಬ್ಬ ಜಾಣ ಬಂದ. ಇಂಥ ಮಷಿನ್ ರಿಪೇರಿ ಮಾಡುತ್ತಾನಂತೆ. ಮೊದಲು ಚಹಾ ಕುಡಿದ, ಆಮೇಲೆ ಮಷಿನ್ ಸುತ್ತ ಒಂದು ಸುತ್ತು ಹಾಕಿದ, ಮತ್ತೆ ಚಹಾ ಕುಡಿದ. ವೋಲ್ಟೇಜ್ ಅಂದ. ಧೂಳು ಅಂದ. ಅರ್ಥಿಂಗ್ ಅಂದ. ಕಡೆಗೆ ಕರೆಂಟು ಬಂದ್ ಮಾಡದೆಯೇ ಮೋಟರಿನ ಪಿನ್ನು ಕಿತ್ತ. ಮೋಟರಿಗೆ ಕರೆಂಟು ಕೊಡುವ ಸಣ್ಣ ಪೆಟ್ಟಿಗೆ ಚಟ್ ಎಂದು ಸುಟ್ಟು ನಾರಿತು.

“ಇದs ನೋಡ್ರಿ ಪ್ರಾಬ್ಲಮ್ಮು, ಸಿಕ್ತು” ಎಂದ ಆ ಪುಣ್ಯಾತ್ಮ, ತಾನೇ ಸುಟ್ಟದ್ದನ್ನು ತೋರಿಸಿ. ಮೊಮ್ಮಗ ತಲೆ ಆಡಿಸಿದ. ಮರುದಿನ ಇಬ್ಬರೂ ಹೊಸ ಪೆಟ್ಟಿಗೆ, ಹೊಸ ಮೋಟರ್ ಹಾಕಿದರು. ಹೊಸ ಮೋಟರೂ ಕೂತಲ್ಲೇ ಗುಂಯ್ ಎಂದಿತು. ಜಾಣನಿಗೆ ಆಗ ಬಸ್ಸಿನ ಹೊತ್ತು ನೆನಪಾಯಿತು.

ಎಂಟನೆಯ ದಿನ ಮಧ್ಯಾಹ್ನ ನಾನು ಶೆಡ್ಡಿನ ನೆರಳಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದೆ. ಮೊಮ್ಮಗ ತೊಲೆಯನ್ನು ಕೈಯಿಂದ ಆಚೆ ನೂಕಿ ಈಚೆ ಎಳೆದು, ಸುಮ್ಮನೆ ಬಯ್ಯುತ್ತಿದ್ದ. ತೊಲೆ ಆಚೆ ತುದಿಗೆ ಹೋದಾಗಲೆಲ್ಲ ವೈರು ಗೂಟಕ್ಕೆ ಕಟ್ಟಿದ ಹೋತದ ಹಗ್ಗದಂತೆ ಜಗ್ಗಿ ನಿಲ್ಲುತ್ತಿತ್ತು. ಕುರುಡರಿಗೂ ಕಾಣುವಂತಿತ್ತು. ಎದ್ದು ಹೋಗಿ ಬೆರಳಾಡಿಸಿದೆ. ದಾರ ಬಿಗಿದ ಜಾಗದಲ್ಲಿ ವೈರಿನ ತೊಗಲು ಒಳಗೆ ಕಚ್ಚಿಹೋಗಿತ್ತು. ಒಂದು ವೈರಿನ ಒಳಗೆ ತಂತಿಯೇ ಕೈಗೆ ಹತ್ತಲಿಲ್ಲ, ಮೆತ್ತಗೆ, ಖಾಲಿ. ಮೇಲೆ ತೊಗಲು ಇತ್ತು, ಒಳಗೆ ತಾಮ್ರ ಕಡಿದಿತ್ತು.

ಸೊಂಟದಲ್ಲಿದ್ದ ಚಾಕುವಿನಿಂದ ಮಾಲೆ ಸಮೇತ ದಾರ ಕತ್ತರಿಸಿದೆ.

“ಆಯಿ! ಪೂಜಿ ಮಾಲಿ!”

“ಪೂಜಿ ನಂದು, ಪಾಪಾನೂ ನನಗ ಬರಲಿ. ನಿನ್ನ ಹೇಂತೀನ ಕರಿ.”

“ಆಕಿ ಯಾಕ?”

“ನಿನಗ ಬರೂದಿಲ್ಲ, ಅದಕ್ಕ.”

ಅವನು ಕರೆಯಲಿಲ್ಲ. ನಾನೇ ಕೂಗಿದೆ. ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬಂದವಳು ಮೊದಲು ಮಾಡಿದ ಕೆಲಸ ಪ್ಲಗ್ಗು ಕಿತ್ತಿದ್ದು. ಗೋಕಾಕದ ಜಾಣನಿಗೆ ಹೊಳೆಯದ ಕೆಲಸ ಅದು. ಕಡಿದ ಜಾಗಕ್ಕೆ ಗಂಟು ಹಾಕೋಣವೇ ಎಂದು ಕೇಳಿದೆ. “ಬ್ಯಾಡ್ರಿ ಆಯಿ, ಬಗ್ಗೂ ಜಾಗಾದಾಗ ಗಂಟ ತಾಳೂದಿಲ್ಲ. ಪೂರ್ತಿ ಹೊಸಾದ ಎಳಿಯೂಣ” ಎಂದಳು. ಸರಿಯಾದ ಮಾತು.

ಇಂಥದ್ದು ನನಗೆ ಹೊಸದೇನಲ್ಲ. ಮಸಗುಪ್ಪಿಯ ಹೊಲದ ಬೋರಿನಿಂದ ಮೋಟರ್ ಎತ್ತಿ ಇಳಿಸಿದಾಗಲೆಲ್ಲ ಕೇಬಲ್ ಕಟ್ಟುತ್ತಿದ್ದವಳು ನಾನು. ಪೈಪಿನ ಗುಂಟ ಕೇಬಲ್ ಇಟ್ಟು, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಕೊಯ್ದು ಕಟ್ಟಬೇಕು. ದಾರ, ತಂತಿ ಕಟ್ಟಬಾರದು, ಕೊಯ್ಯುತ್ತವೆ. ಕಟ್ಟಿಗೂ ಕಟ್ಟಿಗೂ ನಡುವೆ ಕೇಬಲ್ ಸ್ವಲ್ಪ ಸಡಲ ಇರಬೇಕು. ಇದಕ್ಕೆ ಸಾಲಿ ಕಲಿಯಬೇಕಿಲ್ಲ. ನಾನು ಕಲಿತದ್ದು ಎರಡನೆಯ ಇಯತ್ತೆ ತನಕ ಮಾತ್ರ.

ತೊಲೆಯನ್ನು ಎಲ್ಲಕ್ಕಿಂತ ದೂರದ ಮೂಲೆಗೆ ನೂಕಿ ನಿಲ್ಲಿಸಿ, ಅಲ್ಲಿಂದ ವೈರಿನ ಅಳತೆ ಹಿಡಿದೆವು. ಅದರ ಮೇಲೆ ಒಂದು ಗೇಣು ಹೆಚ್ಚಿಗೆ ಬಿಟ್ಟೆವು. ಅಲ್ಲಾಡದ ಜಾಗದಲ್ಲಿ ವೈರು ಸುಮ್ಮನೆ ಮಲಗಲಿ ಎಂದು, ಕಬ್ಬಿನ ಹೊಲದಿಂದ ತಂದು ಬಿಸಾಕಿದ್ದ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಅದರೊಳಗೆ ತೂರಿಸಿದೆ. ಅಲ್ಲಾಡುವ ಜಾಗದಲ್ಲಿ ಅಗಲವಾದ ಕುಣಿಕೆ ಬಿಟ್ಟು, ಎರಡೂ ತುದಿಗೆ ಟ್ಯೂಬಿನ ಪಟ್ಟಿ. ಉಳಿಗೆ ಹೋಗುವ ದಪ್ಪ ವೈರನ್ನು ಅವಳು ಬೇರೆ ದಾರಿಯಿಂದ ಒಯ್ದಳು. ಎರಡೂ ಕೂಡಿದರೆ ಮೋಟರಿನ ಲೆಕ್ಕ ಕೆಡಬಹುದಂತೆ. ಮೊಮ್ಮಗ ಬಾಗಿಲಲ್ಲಿ ನಿಂತಿದ್ದ. ಅಲ್ಲಿ ನಿಲ್ಲುವುದು ಅವನಿಗೆ ಚೆನ್ನಾಗಿ ಬರುತ್ತದೆ.

ಸಂಜೆಗೆ ಉಳಿದಿದ್ದ ಕೊನೆಯ ಸಾಗವಾನಿ ಹಲಗೆ ಇಟ್ಟಳು. ತೊಲೆ ಆಚೆ ತುದಿಗೆ ಹೋಯಿತು, ತಿರುಗಿತು. ಕಮಲ ಇಡಿಯಾಗಿ ಬಂತು.

ಊಟಕ್ಕೆ ಕೂತಾಗ ಮೊಮ್ಮಗ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ಹೌದು, ಪೂರಾ ವೈರಿಂಗ್ ಚೇಂಜ್ ಮಾಡೀನಿ. ನಾಳಿಂದ ನಾನs ನಡಸಾಂವ, ಮನ್ಯಾಗಿನವ್ರ ಕೈಯಾಗ ಕೊಡೂದಿಲ್ಲ.” ಆ ಹುಡುಗಿ ಅವನ ತಾಟಿಗೆ ಅನ್ನ ಹಾಕುತ್ತಿದ್ದಳು. ಚಮಚ ಅರ್ಧದಲ್ಲೇ ನಿಂತಿತು.

ಇಂಥವನಿಗೆ ಹೇಳಿ ಬಾಯಿ ನೋಯಿಸಿಕೊಳ್ಳುವುದು ಯಾರು?

ಮರುದಿನ ಬೆಳಗ್ಗೆ ಅವಳಿಗಿಂತ ಮುಂಚೆ ಎದ್ದು ಅಡಿಗೆಮನೆ ಹೊಕ್ಕು ಒಳಗಿನಿಂದ ಚಿಲಕ ಹಾಕಿದೆ. ಬಾಗಿಲು ಬಡಿದಳು. “ಆಯಿ, ರೊಟ್ಟಿ ಬಡೀಬೇಕ್ರಿ, ತಗೀರಿ” ಅಂದಳು. “ಇಲ್ಲಿ ನಿಂದೇನೂ ಕೆಲಸ ಇಲ್ಲ, ಶೆಡ್ಡಿಗೆ ಹೋಗು. ಅಂವ ಎದ್ದಮ್ಯಾಲ ಹಸಿವಾದ್ರ ಇಲ್ಲಿಗೆ ಬರಲಿ, ಹಿಟ್ಟ ನಾದಾಕ ಹಚ್ಚತೇನಿ” ಎಂದೆ. ಆಮೇಲೆ ಶೆಡ್ಡಿನ ತಗಡಿನ ಬಾಗಿಲು ಕಿರುಗುಟ್ಟಿತು, ಮಷಿನ್ ಶುರುವಾಯಿತು. ನಾನು ಒಲೆಯ ಮೇಲೆ ಹಂಚು ಇಟ್ಟು, ಮೊದಲ ರೊಟ್ಟಿ ಬಡಿಯತೊಡಗಿದೆ.