ತುಟಿಯ ಮೇಲಿನ ಬೆರಳು

ಆ ಕುರ್ಚಿಯನ್ನು ನಾನಾಗಿ ಆರಿಸಿಕೊಂಡದ್ದಲ್ಲ. ನಾನು ಒಳಗೆ ಕಾಲಿಡುವಷ್ಟರಲ್ಲಿ ಅದನ್ನು ಹಿಂದಿನ ಗೋಡೆಯ ಕಡೆ, ಸ್ಟೋರ್ ರೂಮಿನ ಮುಚ್ಚಿದ ಬಾಗಿಲಿಗೆ ಒತ್ತಿ ಹಾಕಿಯಾಗಿತ್ತು.

"ಇಲ್ಲಿ ಕೂತ್ಕೊಳ್ಳಿ ಮೇಡಂ. ಇಲ್ಲಿಂದ ಎಲ್ಲಾ ಕಾಣ್ಸತ್ತೆ," ಎಂದರು ಮಿಸ್. ಸೀರೆಯ ಸೆರಗಿನಿಂದ ಕುರ್ಚಿಯ ಧೂಳು ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ನಾನು ಹೋದಲ್ಲೆಲ್ಲ ಹಾಗೇ ಆಗುತ್ತಿದ್ದುದರಿಂದ ಅದನ್ನು ವಿಶೇಷವೆಂದು ಎಣಿಸಲಿಲ್ಲ.

ಅದು ಅಬ್ಬಿಗೆರೆಯ ಒಂದು ಮನೆಯ ನೆಲಮಹಡಿಯಲ್ಲಿ ನಡೆಯುತ್ತಿದ್ದ ಪುಟ್ಟ ಶಾಲೆ. ಮೂರು ನಾಲ್ಕು ವರ್ಷದ ಮಕ್ಕಳು. ಮೇಲಿನ ಮಹಡಿಯಲ್ಲಿ ಮನೆಯವರು, ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ಬಾಡಿಗೆ ಎಣಿಸುವವರು. ಚಿಕ್ಕ ಮಕ್ಕಳಿಗೆ ಹೇಗೆ ಕಲಿಸುತ್ತಾರೆ ಎಂಬುದರ ಬಗ್ಗೆ ನಡೆಯುತ್ತಿದ್ದ ಅಧ್ಯಯನವೊಂದಕ್ಕೆ ನಾನು ಇಂಥ ಶಾಲೆಗಳಿಗೆ ಹೋಗಿ, ಬೆಳಗಿನ ಹೊತ್ತು ಕೂತು, ನೋಡಿ, ಅಂಕ ಹಾಕಿ ಬರುತ್ತಿದ್ದೆ. ಅಲ್ಲಾಳಸಂದ್ರದ ನನ್ನ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೊರಟರೆ ಒಂದು ದಿನಕ್ಕೆ ಒಂದು ತರಗತಿ.

ನಮಗೆ ಕಟ್ಟುಪಾಡುಗಳಿದ್ದವು. ಮೂಲೆಯಲ್ಲಿ ಕೂರಬೇಕು. ಮಾತಾಡಬಾರದು. ಮಕ್ಕಳನ್ನು ಮುಟ್ಟಬಾರದು, ಅವರತ್ತ ನಗಲೂಬಾರದು. ಯಾವುದಕ್ಕೆ ಹೆಚ್ಚು ಅಂಕ, ಯಾವುದಕ್ಕೆ ಕಡಿಮೆ ಎಂದು ಟೀಚರಿಗೆ ಸುಳಿವು ಕೊಡಬಾರದು. ಕೊಟ್ಟರೆ ಅವರು ನಮಗಾಗಿ ನಟಿಸಲು ತೊಡಗುತ್ತಾರೆ, ದಿನನಿತ್ಯದ ಪಾಠ ನಮಗೆ ಕಾಣುವುದೇ ಇಲ್ಲ ಎಂಬುದು ಅದರ ಹಿಂದಿನ ತರ್ಕ. ತರ್ಕ ಸರಿಯಾಗಿಯೇ ಇತ್ತು. ಆದರೆ ಸುಳಿವು ಇಲ್ಲದೆಯೂ ಎಲ್ಲರೂ ನಟಿಸುತ್ತಿದ್ದರು. ತಮಗೆ ತೋಚಿದ್ದನ್ನು ನಟಿಸುತ್ತಿದ್ದರು, ಅಷ್ಟೆ.

ಈ ಮಿಸ್ಸಿಗೆ ತೋಚಿದ್ದು ನಿಶ್ಶಬ್ದ. ನಾನು ಕೂರುವಾಗ ಮಕ್ಕಳೆಲ್ಲ ಚಾಪೆಯ ಮೇಲೆ ಕಾಲು ಮಡಚಿ, ತೋರುಬೆರಳನ್ನು ತುಟಿಯ ಮೇಲಿಟ್ಟುಕೊಂಡು ಕೂತಿದ್ದರು. ಅವರಲ್ಲೊಂದು ಪದ್ಧತಿ ಇತ್ತು. ಮಿಸ್ "ಬೆರಳು ಎಲ್ಲಿ?" ಎಂದರೆ ಬೆರಳು ತುಟಿಗೆ ಹೋಗಬೇಕು. ಮಿಸ್ಸೇ "ಬೆರಳು ಕೆಳಗೆ" ಎನ್ನುವವರೆಗೂ ಇಳಿಯಬಾರದು. ಬಣ್ಣದ ಚಾರ್ಟು ತೋರಿಸಿ ಯಾರ ಹೆಸರು ಕರೆದರೋ ಆ ಮಗು ಮಾತ್ರ ಬೆರಳು ತೆಗೆದು "ಕೆಂಪು" ಎಂದು ಕೂಗಿ, ಮತ್ತೆ ಬೆರಳಿಟ್ಟುಕೊಳ್ಳುತ್ತಿತ್ತು. ಆಟದ ಸಾಮಾನು ಒಂದೂ ಕಾಣಲಿಲ್ಲ. ನಾನು ಬರುವೆನೆಂದು ಎಲ್ಲವನ್ನೂ ಎತ್ತಿಟ್ಟಿದ್ದರು.

ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಅಂಕ ಇದ್ದದ್ದು ಮಕ್ಕಳ ಮಾತಿಗೆ, ಅವರು ಕೇಳುವ ಪ್ರಶ್ನೆಗೆ, ಕೈಗೆಟುಕುವ ಆಟಿಕೆಗೆ. ಈ ಹೆಣ್ಣುಮಗಳು ಅಂಕಕ್ಕಾಗಿ ಮಕ್ಕಳ ಬಾಯಿ ಮುಚ್ಚಿಸಿದ್ದರು, ಹಾಗೆ ಮುಚ್ಚಿಸಿದ್ದಕ್ಕೇ ನಾನು ಅಂಕ ಕಳೆಯುತ್ತಿದ್ದೆ. ಅದನ್ನು ಹೇಳುವ ಹಾಗಿರಲಿಲ್ಲ. ಅವರು ಆಗಾಗ ನನ್ನತ್ತ ನೋಡುತ್ತಿದ್ದರು. ನಾನು ಮುಖ ತಗ್ಗಿಸಿ ಬರೆಯುತ್ತಿದ್ದೆ. ಒಮ್ಮೆ ಬೆನ್ನ ಹಿಂದೆ ಏನೋ ಸರಿದ ಸದ್ದಾಯಿತು. ಇಲಿ ಇರಬೇಕು ಅಂದುಕೊಂಡೆ.

ತಿಂಡಿಯ ಹೊತ್ತಿಗೆ ಆಯಾ ಬ್ಯಾಗುಗಳನ್ನು ಒಂದೊಂದಾಗಿ ಮಕ್ಕಳ ಮುಂದೆ ಇಡುತ್ತಾ ಬಂದರು. ಕೊನೆಯ ಮಗುವಿನ ಮುಂದೆ ಇಟ್ಟ ಮೇಲೂ ಅವರ ಕೈಯಲ್ಲಿ ಒಂದು ನೀಲಿ ಬ್ಯಾಗು ಉಳಿಯಿತು.

"ಮಿಸ್, ಇದ್ಯಾರ್ದು?"

ಮಿಸ್ ಬ್ಯಾಗು ನೋಡಿದರು, ಸಾಲು ನೋಡಿದರು. "ಬೆಳಿಗ್ಗೆ ಬಂದಿದ್ನಲ್ಲ... ನಾನೇ ಶೂ ಬಿಚ್ಚಿದೀನಿ," ಎಂದವರು ಅರ್ಧಕ್ಕೇ ನಿಂತರು. ಆಯಾ ಬಚ್ಚಲಿಗೆ ಓಡಿದರು. ಅಲ್ಲಿಲ್ಲ. ಗೇಟಿನ ಕಡೆ ಓಡಿದರು. ಅಲ್ಲಿಂದ ಅವರ ಕೂಗು ಬಂತು: "ಅಯ್ಯೋ ಮಿಸ್, ಸಂಪಿನ ಮುಚ್ಚಳ ತೆಗ್ದೈತೆ!"

ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದಿತ್ತು. ನಾನು ಒಳಗೆ ಬರುವಾಗ ಅಂಗಳ ಒದ್ದೆಯಾಗಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ನೆಲದೊಳಗಿನ ಆ ತೊಟ್ಟಿಯ ಬಾಯಿ ತೆರೆದಿತ್ತೋ ಮುಚ್ಚಿತ್ತೋ, ಅದು ನೆನಪಿಲ್ಲ. ಎಷ್ಟು ಸಲ ಯೋಚಿಸಿದರೂ ಬರುವುದಿಲ್ಲ.

ನಾನು ಏಳುತ್ತಿದ್ದೆ. ಮಿಸ್ ನನ್ನ ಭುಜ ಹಿಡಿದು ಕೂರಿಸಿದರು. "ಮೇಡಂ, ದಮ್ಮಯ್ಯ, ನೀವ್ ಇಲ್ಲೇ ಇರಿ. ಇವ್ರಲ್ಲಿ ಒಬ್ರೂ ಆಚೆ ಬರಬಾರ್ದು." ಮಕ್ಕಳ ಕಡೆ ತಿರುಗಿ, "ನಾನ್ ಬರೋವರ್ಗೂ ಬೆರಳು ತೆಗೀಬಾರ್ದು," ಎಂದು ಹೇಳಿ, ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರು.

ಕಿಟಕಿಯಲ್ಲಿ ಅಂಗಳದ ಒಂದು ತುಂಡು ಮಾತ್ರ ಕಾಣುತ್ತಿತ್ತು. ಮೇಲಿನ ಮನೆಯ ಅಜ್ಜಿ ಇಳಿದು ಬಂದಿದ್ದರು. "ಇಂಗ್ ತೆಗ್ದಾಕಿ ಓಗವ್ನಲ್ಲಾ ಆ ಟ್ಯಾಂಕರ್‌ನೋನು, ಅವನ್ ಕೈ ಸೇದೋಗ! ಬ್ಯಾಟ್ರಿ ತತ್ತಾ, ಬ್ಯಾಟ್ರಿ!" ಟಾರ್ಚಿನ ಬೆಳಕು ಹಗಲಿನಲ್ಲಿ ಕಾಣಲಿಲ್ಲ. ಬಗ್ಗಿದ ಬೆನ್ನುಗಳು ಮಾತ್ರ ಕಂಡವು. ಮಿಸ್ ಹುಡುಗನ ಹೆಸರು ಹಿಡಿದು ಕೂಗುತ್ತಿದ್ದರು. ಬಾವಿಯೊಳಗೆ ಕೂಗಿದಂತೆ ಆ ಹೆಸರು ತಿರುಗಿ ಬರುತ್ತಿತ್ತು.

ಒಳಗೆ ಯಾರೂ ಉಸಿರೆತ್ತಲಿಲ್ಲ. ಅಷ್ಟು ಮಕ್ಕಳು, ಅಷ್ಟು ಬೆರಳು, ಮುಂದೆ ಬಿಚ್ಚದ ಬ್ಯಾಗುಗಳು. ಹೊರಗೆ ಹೋಗಲು ದಾರಿಯಿರಲಿಲ್ಲ, ಕೂರಲಾಗದೆ ಕುರ್ಚಿಯ ಮುಂದೆಯೇ ಎದ್ದು ನಿಂತೆ. ನಾನು ಮೊದಲ ಬಾರಿಗೆ ಮಕ್ಕಳೊಡನೆ ಮಾತಾಡಿದೆ. "ಅವನೆಲ್ಲಿ ಹೋದ? ಯಾರಾದ್ರೂ ನೋಡಿದ್ರಾ?"

ಯಾರೂ ಬೆರಳು ತೆಗೆಯಲಿಲ್ಲ. ನನಗೆ ಹತ್ತಿರದ ಸಾಲಿನ ಒಬ್ಬ ಹುಡುಗಿ ಬಲಗೈಯ ಬೆರಳನ್ನು ತುಟಿಯ ಮೇಲೆಯೇ ಇಟ್ಟುಕೊಂಡು, ಎಡಗೈ ಎತ್ತಿ ನನ್ನನ್ನು ತೋರಿಸಿದಳು.

ನಾನೇ ಕಾರಣ ಎನ್ನುತ್ತಿದ್ದಾಳೆ ಎಂದುಕೊಂಡೆ. ನಿಜವಾಗಿ ಹಾಗೆಯೇ ಅನ್ನಿಸಿ, "ನಾನಾ?" ಎಂದೆ. ಅವಳು ಅಲ್ಲವೆಂದು ತಲೆಯಾಡಿಸಿ, ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. ಪಕ್ಕದವನೂ ಎಡಗೈ ಎತ್ತಿದ. ಅವರು ತೋರಿಸುತ್ತಿದ್ದದ್ದು ನನ್ನನ್ನಲ್ಲ, ನನ್ನ ಹಿಂದೆ ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಕುರ್ಚಿ ಎಳೆದು ಬಾಗಿಲು ತೆಗೆದೆ. ಕಿಟಕಿಯಿಲ್ಲದ ಕೋಣೆ. ಎತ್ತಿಟ್ಟ ಆಟಿಕೆಗಳ ನಡುವೆ, ಸುತ್ತಿಟ್ಟ ಚಾಪೆಯ ಮೇಲೆ ಅವನು ಕೂತಿದ್ದ. ತೊಡೆಯ ಮೇಲೆ ಚಕ್ರ ಕಳಚಿದ ಪ್ಲಾಸ್ಟಿಕ್ ಲಾರಿ. ಚಡ್ಡಿ ಒದ್ದೆ. ಬೆರಳು ತುಟಿಯ ಮೇಲೆ.

ಆಮೇಲೆ ಜೋಡಿಸಿಕೊಂಡದ್ದು ಇಷ್ಟು: ಅವನು ಲಾರಿ ಇಡಲು ಒಳಗೆ ಹೋಗಿದ್ದಾಗಲೇ ನನ್ನ ಆಟೋ ಗೇಟಿಗೆ ಬಂದಿತ್ತು. ಮಿಸ್ ಗಾಬರಿಯಲ್ಲಿ "ಬೆರಳು ಎಲ್ಲಿ?" ಎಂದು ಕೂಗಿ, ಬಾಗಿಲೆಳೆದು, ಕುರ್ಚಿ ಹಾಕಿದ್ದರು. ಅವನು ಹೇಳಿದಂತೆ ಕೇಳಿದ್ದ. ಆಚೆ ತನ್ನ ಹೆಸರು ಕೂಗಿದರೂ ಓಗೊಟ್ಟಿರಲಿಲ್ಲ.

"ಬಾ," ಎಂದೆ. ಬರಲಿಲ್ಲ. ನನ್ನನ್ನೇ ನೋಡುತ್ತಿದ್ದ. ಕಿಟಕಿಗೆ ಓಡಿ, ಸರಳು ಹಿಡಿದು, "ಇಲ್ಲಿದ್ದಾನೆ, ಇಲ್ಲಿದ್ದಾನೆ," ಎಂದು ಕಿರುಚಿದೆ.

ಮಿಸ್ ಒದ್ದೆ ಕಾಲಿನಲ್ಲೇ ಬಂದು ಅವನ ಮುಂದೆ ಕುಸಿದು ಕೂತರು. ಸೆರಗು ನೆನೆದಿತ್ತು, ಕೈ ಮೊಣಕೈವರೆಗೂ ಒದ್ದೆಯಾಗಿತ್ತು. "ಬೆರಳು ಕೆಳಗೆ ಕಣೋ... ಬೆರಳು ಕೆಳಗೆ ನನ್ನಪ್ಪ," ಎಂದರು. ಆಗ ಬೆರಳು ಇಳಿಯಿತು. ಆಗ ಅವನು ಅತ್ತ. ಅದರ ಹಿಂದೆಯೇ ಇಡೀ ತರಗತಿ ಅತ್ತಿತು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಎದೆ ನೀವಿಕೊಳ್ಳುತ್ತಾ, "ಅಲ್ಲ ಮಿಸ್ಸಮ್ಮ, ಸಾಯೋ ಗಳಿಗೇಲೂ ಬಾಯಿ ಬಿಡದಂಗೆ ಎಂಗ್ ಕಲ್ಸ್ದೆ? ನಮ್ ಸೊಸೇಗೂ ಒಸಿ ಏಳ್ಕೊಡವ್ವ," ಎಂದರು. ಆಯಾ ಅಳುತ್ತಲೇ ನಕ್ಕರು. ಮಿಸ್ ನಗಲಿಲ್ಲ. ಮಗುವಿನ ಚಡ್ಡಿ ಬದಲಿಸಿ ಆಯಾಳ ಮಡಿಲಿಗೆ ಕೊಟ್ಟು, ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು: "ಗಲಾಟೆ ಅಂತ ಹಾಕ್ತೀರಾ ಮೇಡಂ?"

ಅವರ ಕಣ್ಣಲ್ಲಿದ್ದದ್ದು ಸಂಪಿನ ಕಡೆ ಓಡುವ ಮುಂಚೆ ಕಂಡ ಭಯವೇ. ನನಗೆ ತಡೆಯಲಾಗಲಿಲ್ಲ. "ಮಾತಾಡ್ಲಿ ಬಿಡಿ ಮಿಸ್. ಮಕ್ಕಳು ಮಾತಾಡೋ ಕ್ಲಾಸನ್ನೇ ನಾವ್ ಒಳ್ಳೇದು ಅನ್ನೋದು. ಆಟದ ಸಾಮಾನೂ ಆಚೆ ಇಡಿ," ಎಂದೆ. ಕಟ್ಟುಪಾಡು ಮುರಿದೆನೆಂದು ಗೊತ್ತಿತ್ತು. ಹಗುರವಾಗುತ್ತದೆ ಎಂದುಕೊಂಡಿದ್ದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಟೆಸ್ಟ್ ಮಾಡ್ತಿದೀರಾ ಮೇಡಂ ನನ್ನ?"

"ಇಲ್ಲ ಮಿಸ್. ನಿಜವಾಗ್ಲೂ."

"ಸ್ಕೂಲ್ ಓನರ್ ಕಡೆಯಿಂದ ಹಿಂದೆ ಒಬ್ರು ಬಂದಿದ್ರು. ಹಿಂಗೇ ನಗ್‌ನಗ್ತಾ, ಆಡ್ಲಿ ಬಿಡಿ ಅಂದ್ರು. ಬಿಟ್ಟೆ. ಹೋಗಿ, ಕ್ಲಾಸ್ ಸಂತೆ ಥರ ಇದೆ ಅಂತ ಹೇಳಿದ್ರು. ಇನ್ನೊಂದ್ ಸಲ ಹಂಗಾದ್ರೆ ಬರ್ಬೇಡ ಅಂದಿದಾರೆ ನಂಗೆ." ಒದ್ದೆ ಸೆರಗನ್ನು ಹಿಂಡಿಕೊಳ್ಳುತ್ತಾ, "ನಿಮ್ ಟೈಮ್ ಇನ್ನೂ ಇದೆಯಲ್ಲ, ಕೂತ್ಕೊಳ್ಳಿ," ಎಂದರು.

ಅವರು ಸ್ಟೋರ್ ರೂಮಿನ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ಒಂದು ಇಟ್ಟಿಗೆ ಇಟ್ಟರು. ಕುರ್ಚಿಯನ್ನು ಬೇರೆ ಗೋಡೆಗೆ ಸರಿಸಿದರು. ನಂತರ ಚಾಪೆಯ ಮುಂದೆ ಹೋಗಿ ನಿಂತು, ಒಡೆದ ದನಿಯನ್ನು ಸರಿಮಾಡಿಕೊಂಡು ಕೇಳಿದರು:

"ಬೆರಳು ಎಲ್ಲಿ?"

ಬೆರಳುಗಳು ಎದ್ದವು. ಆಯಾಳ ಮಡಿಲಲ್ಲಿದ್ದವನದೂ ಎದ್ದಿತು. ಅವನ ಬಿಕ್ಕು ಇನ್ನೂ ನಿಂತಿರಲಿಲ್ಲ. ಬಿಕ್ಕಿದಾಗಲೆಲ್ಲ ಬೆರಳು ತುಟಿಯಿಂದ ಜಾರುತ್ತಿತ್ತು. ಅವನು ನನ್ನತ್ತ ನೋಡಿ, ಅದನ್ನು ಮತ್ತೆ ಅದರ ಜಾಗಕ್ಕೆ ಇಡುತ್ತಿದ್ದ.