ಹೊಸ್ತಿಲಾಚೆಯ ಬೈನಾಮಿಯಲ್ ಪಾಠ

ಮೊನ್ನೆ ಹುಳಿಪುಡಿಗೆ ಮೆಂತ್ಯ ಹುರಿಯುತ್ತಿದ್ದೆ. ಘಮ್ಮೆಂದು ವಾಸನೆ ಎದ್ದದ್ದೇ ತಡ, ನನ್ನ ಬಾಯಲ್ಲಿ ಬೈನಾಮಿಯಲ್ ಸೂತ್ರ! ನಗಬೇಡಿ. ಅವೆರಡನ್ನೂ ನನ್ನ ತಲೆಯಲ್ಲಿ ಗಂಟು ಹಾಕಿದವರು ಚೆನ್ನೈನ ಕೋಡಂಬಾಕ್ಕಂನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಮಾಮಿ.

ತೊಂಬತ್ತರ ದಶಕದ ಕೊನೆ. ನಾನು ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು. ಅರೆವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಡುಮ್ಕಿ. ವಾರ್ಷಿಕದಲ್ಲೂ ಹೋದರೆ ಕಾಮರ್ಸ್‌ಗೆ ಹಾಕ್ತೀವಿ ಎಂದುಬಿಟ್ಟರು ಶಾಲೆಯಲ್ಲಿ. ನನಗೋ ಇಂಜಿನಿಯರಿಂಗ್ ಹುಚ್ಚು! ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ಮಾಮಿಯ ಮುಂದೆ ನಿಲ್ಲಿಸಿದಳು. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸಂಜೆಯೆಲ್ಲ ಅವರಿಗೆ ಮಠ, ಪ್ರವಚನ. ಬಿಡುವಿದ್ದದ್ದು ಬೆಳಿಗ್ಗೆ ಅಡಿಗೆಯ ಹೊತ್ತಿಗೆ. ಆಗ ಮಡಿ, ಯಾರನ್ನೂ ಮುಟ್ಟುವಂತಿಲ್ಲ.

"ಅಲ್ಲೇ ನಿಂತ್ಕೋ ಡೀ, ಮುಟ್ಟಿಬಿಟ್ಟೀಯ!"

'ಡೀ' ಅಂದರೆ ತಮಿಳಿನ 'ಕಣೇ'. ನಾನು ಅಡಿಗೆಮನೆಯ ಹೊಸ್ತಿಲಾಚೆ, ಕೆಂಪು ನೆಲದ ಮೇಲೆ, ಚಾಕ್‌ಪೀಸ್ ಹಿಡಿದು. ಒಳಗಿಂದ ಒಗ್ಗರಣೆಯ ಜೊತೆ ಲೆಕ್ಕವೂ ಸಿಡಿಯುತ್ತಿತ್ತು. ಸಮಾಂತರ ಶ್ರೇಢಿ, ಗುಣೋತ್ತರ ಶ್ರೇಢಿ, ಅವುಗಳ ಮೊತ್ತ... ಬೈನಾಮಿಯಲ್‌ಗೆ ಬಂದರೆ ನನ್ನದು ಒಂದೇ ತಪ್ಪು: ನಾಲ್ಕನೇ ಟರ್ಮ್ ಕೇಳಿದರೆ ಸೂತ್ರದ 'ಆರ್' ನಾಲ್ಕು ಅಂತ ಬರೆಯುವುದು. "ಮೂರು ಡೀ, ಮೂರು! ಮೊದಲನೆಯದಕ್ಕೆ ಸೊನ್ನೆ!" ಎಂದು ಸೌಟು ಆಡಿಸುವರು. ಕೈಯಿಟ್ಟು ತಿದ್ದಲಾಗದ ಚಡಪಡಿಕೆ ಅವರಿಗೆ.

ಒಂದು ದಿನ ಕೇಳಿದರು: "ಎಕ್ಸ್ ಪ್ಲಸ್ ಒನ್ ಬೈ ಎಕ್ಸ್, ಹೋಲ್ ಪವರ್ ಸಿಕ್ಸ್. ಎಕ್ಸೇ ಇಲ್ಲದ ಟರ್ಮ್ ಯಾವುದು?"

ಬರೆದೆ. ಆರ್ ಮೂರು, ಟರ್ಮ್ ನಾಲ್ಕನೆಯದು, ಉತ್ತರ ಇಪ್ಪತ್ತು! "ಬಂತು ಮಾಮಿ!" ಎಂದು ಕಿರುಚಿದೆ. "ಬಂತಾ!" ಎನ್ನುತ್ತ ಹೊಸ್ತಿಲು ದಾಟಿ ಬಂದವರೇ ನನ್ನ ಕೈಯಿಂದ ಚಾಕ್ ಕಸಿದು, ಉತ್ತರಕ್ಕೊಂದು ದೊಡ್ಡ ಸುತ್ತು ಹಾಕಿ... ಗಕ್ಕನೆ ನಿಂತರು. ಮೈಲಿಗೆ! ಒಲೆಯ ಮೇಲೆ ಹುಳಿ ಬೇರೆ. ಕೆಟ್ಟೆನಲ್ಲಪ್ಪ ಎಂದು ನಾನು ಹಿಂದೆ ಸರಿದರೆ ಮಾಮಿ ಗೊಳ್ಳೆಂದು ನಕ್ಕರು. "ಹೋಗ್ಲಿ, ಇನ್ನೊಂದ್ಸಲ ಸ್ನಾನ ಮಾಡ್ತೀನಿ. ಅಷ್ಟರಲ್ಲಿ ಪವರ್ ಎಂಟಕ್ಕೆ ಮಾಡಿಡು."

ವಾರ್ಷಿಕ ಪರೀಕ್ಷೆಯಲ್ಲಿ ಅಂಥದ್ದೇ ಲೆಕ್ಕ! ಪಾಸಾದೆ. ರಿಪೋರ್ಟ್ ಕಾರ್ಡ್ ಹಿಡಿದು ಮೆಟ್ಟಿಲು ಹಾರಿ ಹಾರಿ ಹೋದೆ. ಮಾಮಿ ಮಡಿಯಲ್ಲಿದ್ದರು. ಹೊಸ್ತಿಲಲ್ಲೇ ನಿಂತೆ. ಈ ಸಲ ಅವರು ಮರೆತಿರಲಿಲ್ಲ. ಒಲೆ ಆರಿಸಿ, ಸೌಟು ಕೆಳಗಿಟ್ಟು, ಬೇಕೆಂದೇ ಬಂದು ನನ್ನನ್ನು ತಬ್ಬಿಕೊಂಡರು. ಸೆರಗಿನ ತುಂಬ ಹುರಿದ ಮೆಂತ್ಯದ ವಾಸನೆ.

ನಾನು ಇಂಜಿನಿಯರಾದೆ. ಕೆಲಸ ಸಿಕ್ಕ ವರ್ಷವೇ ಮಾಮಿ ಹೋಗಿಬಿಟ್ಟರು... ಪೋರೂರಿನ ನನ್ನ ಫ್ಲ್ಯಾಟಿನ ಅಡಿಗೆಮನೆಗೆ ಹೊಸ್ತಿಲೇ ಇಲ್ಲ. ಯಾರು ಬೇಕಾದರೂ ಸೀದಾ ಒಳಗೆ ಬರಬಹುದು. ಒಂದೇ ಒಂದು ಸಲ "ಅಲ್ಲೇ ನಿಂತ್ಕೋ ಡೀ" ಎಂದು ಯಾರಾದರೂ ಗದರಬಾರದೇ ಅನಿಸಿ, ಮೊನ್ನೆ ಆ ಮೆಂತ್ಯದ ಬಾಣಲೆಯ ಮುಂದೆ ನಿಂತೇ ಅತ್ತುಬಿಟ್ಟೆ.