ದೊಡ್ಡಮ್ಮನ ಸೂಪಿನಲ್ಲೂ ಅದೇ ಇತ್ತು

ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಮನೆಯವರ ಲೆಕ್ಕದಲ್ಲಿ ನಾನು ವಿಜ್ಞಾನಿ. ಅಲ್ಲಿ ಹೆಚ್ಚಿನ ಹೊತ್ತು ಶೀಶೆ ತೊಳೆಯುತ್ತೇನೆ. ಸಂಬಳ ಬರುವ ತನಕ ಯಾರ ಅಭಿಪ್ರಾಯವನ್ನೂ ತಿದ್ದಲು ಹೋಗುವುದಿಲ್ಲ.

ನನ್ನನ್ನು ಸಾಕಿದವಳು ಅಮ್ಮನ ಅಕ್ಕ, ದೊಡ್ಡಮ್ಮ. ಆಸ್ಪತ್ರೆಯ ಎದುರು ಅವಳದೊಂದು ಸೂಪಿನ ಅಂಗಡಿ: ಎರಡು ಒಲೆ, ಉದ್ದನೆಯ ಬೆಂಚು, ಹಬೆಗೆ ಬಣ್ಣ ಬಿಟ್ಟ ಗೋಡೆ, ಅದರ ಮೇಲೆ 'ಇಲ್ಲಿ ಪುಡಿ ಹಾಕುವುದಿಲ್ಲ' ಎಂಬ ಬೋರ್ಡು. ಮೊದಲು ಅಲ್ಲಿ ಚಿಕ್ಕಮ್ಮನೂ ಇದ್ದಳು. ಒಂದು ದಿನ ಅಕ್ಕನ ಸೂಪು, ಒಂದು ದಿನ ತಂಗಿಯದು. ದೊಡ್ಡಮ್ಮನದು ಬಿರುಸಿನ ಕೈ. ಸೂಪು ಕುದಿಯುವುದಕ್ಕೂ ಹೆದರಬೇಕು. ಚಿಕ್ಕಮ್ಮ ಚೆನ್ನಾಗಿ ಮಾಗಿದ ಟೊಮೇಟೊ, ಒಣ ಅಣಬೆ ಆರಿಸಿ ತಂದು ಸಣ್ಣ ಉರಿಯಲ್ಲಿಟ್ಟು ಗುನುಗುತ್ತ ಕೂರುವವಳು. ಗಿರಾಕಿಗಳು ಬಾಗಿಲಲ್ಲೇ ನಿಂತು, ಇವತ್ತು ಚಿಕ್ಕವರದ್ದಾ ಎಂದು ವಿಚಾರಿಸಿಕೊಂಡು ಒಳಗೆ ಬರತೊಡಗಿದರು. ದೊಡ್ಡಮ್ಮನಿಗೆ ಅದು ನುಂಗಲಾರದ ತುತ್ತಾಯಿತು.

ತಂಗಿ ಕದ್ದುಮುಚ್ಚಿ ರುಚಿ ಹೆಚ್ಚಿಸುವ ಟೇಸ್ಟಿಂಗ್ ಪೌಡರ್ ಹಾಕುತ್ತಿದ್ದಾಳೆಂದು ಅವಳಿಗೆ ಅನುಮಾನ. ಸೂಪು ಕುಡಿದ ಯಾರೋ ತಲೆನೋವು ಎಂದದ್ದೇ ನೆಪವಾಗಿ, ತಂಗಿಯ ಸೂಪನ್ನು ಬಾಟಲಿಗೆ ತುಂಬಿ ಪರೀಕ್ಷೆಗೆ ಕೊಟ್ಟು ಬಂದಳು. ಗ್ಲುಟಮೇಟ್ ಇದೆ ಎಂದು ಉತ್ತರ ಬಂತು. ಪುಡಿ ಎಂದರೆ ಅದೇ ತಾನೆ! ಚಿಕ್ಕಮ್ಮ ತಾನೇನೂ ಹಾಕಿಲ್ಲವೆಂದು ಅತ್ತಳು, ಜಗಳವಾಡಿದಳು, ಕೊನೆಗೆ ತನ್ನ ಸೌಟು ಎತ್ತಿಕೊಂಡು ಹೊರಟುಹೋದಳು. ಇದೆಲ್ಲ ನಾನು ಶಾಲೆಗೆ ಹೋಗುತ್ತಿದ್ದಾಗಿನ ಮಾತು.

ಮೊನ್ನೆ ನಮ್ಮಲ್ಲಿಗೆ ಹೊಸ ಯಂತ್ರ ಬಂತು. ಕೈ ಪಳಗಿಸಿಕೊಳ್ಳಲು ಗ್ಲುಟಮೇಟ್ ಇಲ್ಲದ್ದು ಏನಾದರೂ ತಾ ಎಂದರು ನಮ್ಮ ಮೇಡಂ. ದೊಡ್ಡಮ್ಮನ ಸೂಪಿಗಿಂತ ಶುದ್ಧವಾದದ್ದು ಎಲ್ಲಿದೆ ಎಂದು ಅದನ್ನೇ ಒಯ್ದೆ. ಯಂತ್ರ ಧಾರಾಳವಾಗಿ ಗ್ಲುಟಮೇಟ್ ತೋರಿಸಿತು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗ್ಲುಟಮೇಟ್ ಎಂದರೆ ಪ್ರೋಟೀನಿನ ಒಂದು ತುಣುಕು. ಮಾಗಿದ ಟೊಮೇಟೊದಲ್ಲಿ, ಒಣ ಅಣಬೆಯಲ್ಲಿ ತಾನಾಗಿಯೇ ಇರುತ್ತದೆ. ಕಾರ್ಖಾನೆಯವರು ಸೂಕ್ಷ್ಮಜೀವಿಗಳಿಗೆ ಸಕ್ಕರೆ ತಿನ್ನಿಸಿ ಅದನ್ನೇ ಪಡೆದು, ಸೋಡಿಯಂ ಜೊತೆ ಸೇರಿಸಿ ಹರಳು ಮಾಡುತ್ತಾರೆ; ಪುಡಿ ಎಂದರೆ ಅದು. ನೀರಲ್ಲಿ ಕರಗಿದ ಮೇಲೆ ಎರಡೂ ಒಂದೇ. ನಾಲಿಗೆಗೂ ವ್ಯತ್ಯಾಸ ತಿಳಿಯದು, ಯಂತ್ರಕ್ಕೂ ತಿಳಿಯದು. ಇದನ್ನೆಲ್ಲ ಬರೆದೇ ನಾನು ಪಾಸಾಗಿದ್ದು.

ಊಟದ ಹೊತ್ತಿಗೆ ತಮಾಷೆ ಎಂದು ಇದನ್ನು ಹೇಳಿದೆ. ದೊಡ್ಡಮ್ಮ ನಗಲಿಲ್ಲ.

"ನಾನು ಪುಡಿ ಮುಟ್ಟಿದವಳೇ ಅಲ್ಲ ಕಣೋ."

"ಗೊತ್ತು ದೊಡ್ಡಮ್ಮ. ಟೊಮೇಟೊದಲ್ಲೇ ಇರುತ್ತೆ."

ಅವಳು ಒಲೆ ಆರಿಸಿದಳು. "ಹಾಗಾದ್ರೆ ಅವಳು?"

ಚಿಕ್ಕಮ್ಮ ಪುಡಿ ಹಾಕಿದ್ದಳು ಎನ್ನಲು ಆ ಪರೀಕ್ಷೆ ಸಾಲದು ಎಂದೆ. ಆಮೇಲೆ ಅವಳು ಊಟ ಮಾಡಲಿಲ್ಲ.

ಮರುದಿನ ಅಂಗಡಿ ತೆರೆಯದೆ ನನ್ನನ್ನು ಕರೆದುಕೊಂಡು ಚಿಕ್ಕಮ್ಮನ ಮನೆಗೆ ಹೊರಟಳು. ವಿಜ್ಞಾನ ನೀನು ಹೇಳು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ತಾಕೀತು. ಚಿಕ್ಕಮ್ಮ ಈಗ ಯಾವುದೋ ಹಾಸ್ಟೆಲಿನಲ್ಲಿ ತರಕಾರಿ ಹೆಚ್ಚುತ್ತಾಳೆ. ಅಲ್ಲಿ ಒಲೆಯ ಹತ್ತಿರ ನಿಲ್ಲುವವರು ಬೇರೆಯವರು. ನಮ್ಮನ್ನು ಮನೆಯೊಳಗೆ ಕೂರಿಸಿ, ಕೈ ಒರೆಸಿಕೊಳ್ಳುತ್ತ ನನ್ನ ಭಾಷಣವನ್ನು ಸೋಡಿಯಂ ಸಮೇತ ಕೇಳಿಸಿಕೊಂಡಳು.

"ಇವತ್ತು ಯಂತ್ರ ಹೇಳ್ತು ಅಂತ ನೀನು ಬಂದೆ ಅಕ್ಕ," ಎಂದಳು. "ಅವತ್ತು ನಾನೂ ಇದನ್ನೇ ಹೇಳಿದ್ದೆ."

"ತಪ್ಪಾಯ್ತು ಕಣೆ." ದೊಡ್ಡಮ್ಮನಿಗೆ ಇಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಆಯ್ತು ಬಿಡು." ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ನೀನು ಟೀ ಕುಡೀತೀಯೇನೋ?"

ಒಂದೇ ಲೋಟ ಬಂತು. ಅದನ್ನು ದೊಡ್ಡಮ್ಮನ ಕಡೆ ಸರಿಸುವ ಧೈರ್ಯವಿಲ್ಲದೆ, ಬೇಡ ಎನ್ನುವ ಮಾನವೂ ಇಲ್ಲದೆ, ನಾನೇ ಕುಡಿದು ಮುಗಿಸಿದೆ. ದೊಡ್ಡಮ್ಮ ಮಾತ್ರ ಅಡುಗೆಮನೆಯ ಬಾಗಿಲನ್ನೇ ನೋಡುತ್ತ, ಇನ್ನೊಂದು ಬರಬಹುದೇನೋ ಎಂಬಂತೆ ಕೂತಿದ್ದಳು.